ಕಣಗಿಲೆ ಎಲೆಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ

ಪ್ರಶ್ನೆ: ನಮ್ಮ ಅಂಗಳದಲ್ಲಿ ಕ್ರೋಟನ್, ಕೆಂಪು ಎಲೆಯ ಅಕಾಲಿಫಾ, ದಾಸವಾಳ, ಲಂಟಾನ, ಕಣಗಿಲೆ ಎಲ್ಲಾ ಇವೆ. ಅಲಂಕಾರದ ಗಿಡಗಳ ಎಲೆಯಲ್ಲಿ ಆಂಟಿಆಕ್ಸಿಡೆಂಟ್ ತುಂಬಾ ಇದೆ, ಸಂಶೋಧನೆಯಲ್ಲೇ ಗೊತ್ತಾಗಿದೆ ಅಂತ ಓದಿದೆ. ಎಲೆ ಒಣಗಿಸಿ ಕಷಾಯ ಮಾಡಿ ಕುಡಿಯಬಹುದಾ? ಹಸಿರು ಎಲೆಗಿಂತ ಕೆಂಪು ಎಲೆಯಲ್ಲಿ ಜಾಸ್ತಿ ಇರುತ್ತದೆ ಅನ್ನೋದು ನಿಜವಾ?

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಕಣಗಿಲೆ, ಲಂಟಾನ ಈ ಎರಡರ ಎಲೆಯನ್ನು ಕಷಾಯಕ್ಕಿರಲಿ, ಬಾಯಿಗೂ ತಾಗಿಸಬೇಡಿ. ಕಣಗಿಲೆಯಲ್ಲಿ ಓಲಿಯಾಂಡ್ರಿನ್ ಅನ್ನುವ ವಿಷ ಇದೆ. ಅದು ಹೃದಯದ ಸ್ನಾಯುಕೋಶಗಳಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಪಂಪನ್ನೇ ತಡೆಯುತ್ತದೆ. ಬಡಿತದ ಲಯ ತಪ್ಪುತ್ತದೆ, ಹೃದಯ ನಿಲ್ಲಲೂಬಹುದು. ಒಣಗಿಸಿದರೂ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಹಳದಿ ಕಣಗಿಲೆಯದೂ ಇದೇ ಕಥೆ. ಯಾರಾದರೂ ಈಗಾಗಲೇ ಕುಡಿದಿದ್ದರೆ ವಾಂತಿ ಮಾಡಿಸುತ್ತಾ ಕೂರಬೇಡಿ. ಒಂದು ಎಲೆ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಎಲೆ ನೋಡಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಇನ್ನು ನಿಧಾನವಾಗಿ ಮಾತಾಡೋಣ. ನೀವು ಓದಿದ್ದು ಸುಳ್ಳಲ್ಲ. ಈ ಎಲೆಗಳಲ್ಲಿ ಆಂಟಿಆಕ್ಸಿಡೆಂಟ್ ಇರುವುದು ನಿಜ. ಕಣಗಿಲೆ ಎಲೆಯಲ್ಲೂ ಇದೆ! ಹಾಗಾದರೆ ಆ ಮಾತಿಗೆ ಅರ್ಥ ಎಷ್ಟು, ಅದು ನಮ್ಮ ಮೈಗೆ ಸಂಬಂಧಿಸಿದ್ದಾ ಅಂತ ನೋಡಬೇಕು.

ಒಂದು ಎಲೆಯ ಸ್ಥಿತಿ ಯೋಚಿಸಿ. ಬಿಸಿಲು ಬಂದರೆ ನಾವು ನೆರಳಿಗೆ ಓಡುತ್ತೇವೆ. ಎಲೆಗೆ ಓಡಲು ಕಾಲಿಲ್ಲ. ಮೇಲಾಗಿ ಅದರ ಹೊಟ್ಟೆಪಾಡೇ ಬೆಳಕು. ಪತ್ರಹರಿತ್ತು ಬೆಳಕು ಹೀರಿ ಆ ಶಕ್ತಿಯನ್ನು ಮುಂದಕ್ಕೆ ದಾಟಿಸುತ್ತದೆ, ಅದರಿಂದ ಸಕ್ಕರೆ ತಯಾರಾಗುತ್ತದೆ. ಆದರೆ ನಡುಮಧ್ಯಾಹ್ನ ಬರುವಷ್ಟು ಬೆಳಕನ್ನು ಬಳಸಿ ಮುಗಿಸುವ ತಾಕತ್ತು ಎಲೆಗಿಲ್ಲ. ಹೀರಿದ ಶಕ್ತಿ ದಾಟಲು ದಾರಿ ಸಿಗದೆ ನಿಂತಾಗ ಪಕ್ಕದಲ್ಲೇ ಇರುವ ಆಮ್ಲಜನಕದ ಮೇಲೆ ಬೀಳುತ್ತದೆ. ಎಲೆಯೊಳಗೆ ಆಮ್ಲಜನಕಕ್ಕೇನೂ ಬರ ಇಲ್ಲ, ಅಲ್ಲೇ ಅದು ಹುಟ್ಟುವುದು. ಹೀಗೆ ಕೆರಳಿದ ಆಮ್ಲಜನಕ ಎದುರಿಗೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಹಾಳು ಮಾಡುತ್ತದೆ: ಪೊರೆಯ ಕೊಬ್ಬು, ಪ್ರೋಟೀನು, ಸ್ವತಃ ಪತ್ರಹರಿತ್ತು. ನೀರಿನಲ್ಲಿ ಅದು ಸೆಕೆಂಡಿನ ಲಕ್ಷದ ಒಂದು ಪಾಲಿನಷ್ಟು ಹೊತ್ತೂ ಬದುಕುವುದಿಲ್ಲ. ಆದರೆ ಹಾಳು ಮಾಡಲು ಅಷ್ಟೇ ಸಾಕು.

ಇದಕ್ಕೆ ಎಲೆ ಹಲವು ಕಡೆ ಕಾವಲು ಇಟ್ಟಿದೆ. ಈ ಕಾವಲಿನ ಪದಾರ್ಥಗಳನ್ನೇ ಆಂಟಿಆಕ್ಸಿಡೆಂಟ್ ಅನ್ನುವುದು. ಪತ್ರಹರಿತ್ತಿಗೆ ಅಂಟಿಕೊಂಡಂತೆ ಕ್ಯಾರೊಟಿನಾಯ್ಡ್ ಬಣ್ಣಗಳಿವೆ. ಇವು ಹೆಚ್ಚಾದ ಶಕ್ತಿಯನ್ನು ತಾವು ತೆಗೆದುಕೊಂಡು ಬರೀ ಶಾಖವಾಗಿ ಬಿಟ್ಟುಬಿಡುತ್ತವೆ. ಇವುಗಳಲ್ಲಿ ಒಂದು ಜೋಡಿ ನನಗೆ ಬಹಳ ಇಷ್ಟ, ವಯೋಲಾಕ್ಸಾಂಥಿನ್ ಮತ್ತು ಝಿಯಾಕ್ಸಾಂಥಿನ್. ಬಿಸಿಲು ಏರಿದ ಕೆಲವೇ ನಿಮಿಷಗಳಲ್ಲಿ ಮೊದಲನೆಯದು ಎರಡನೆಯದಾಗಿ ಬದಲಾಗುತ್ತದೆ, ಶಕ್ತಿ ಚೆಲ್ಲುವ ಕೆಲಸಕ್ಕೆ ಅದು ಬೇಕು. ಮೋಡ ಮುಚ್ಚಿ ಬೆಳಕು ತಗ್ಗಿದರೆ ನಿಧಾನವಾಗಿ ಹಿಂದಕ್ಕೆ ತಿರುಗುತ್ತದೆ. ನೀವು ದಾಸವಾಳದ ಗಿಡದ ಮುಂದೆ ಸುಮ್ನೆ ನಿಂತಿರುವಾಗ ಎಲೆಯೊಳಗೆ ಈ ಅದಲು ಬದಲು ನಡೆದೇ ಇರುತ್ತದೆ. ಪೊರೆಯ ಕೊಬ್ಬನ್ನು ಕಾಯಲು ವಿಟಮಿನ್ ಇ ಇದೆ. ಅದು ಪೆಟ್ಟು ತಿಂದು ಕೆಟ್ಟರೆ ವಿಟಮಿನ್ ಸಿ ಬಂದು ಸರಿ ಮಾಡುತ್ತದೆ. ಎಲೆಯ ಮೇಲ್ಪದರದಲ್ಲಿ ಫ್ಲೇವನಾಯ್ಡ್‌ಗಳು ಕೊಡೆ ಹಿಡಿದ ಹಾಗೆ ನಿಂತು ಅತಿನೇರಳೆ ಕಿರಣ ತಡೆಯುತ್ತವೆ. ಅದಕ್ಕೇ ಒಂದೇ ಗಿಡದಲ್ಲಿ ಬಿಸಿಲಿಗೆ ಮುಖ ಮಾಡಿದ ಎಲೆಗಳಲ್ಲಿ ಫ್ಲೇವನಾಯ್ಡ್ ಸಾಮಾನ್ಯವಾಗಿ ಜಾಸ್ತಿ, ಒಳಗಿನ ನೆರಳಿನ ಎಲೆಗಳಲ್ಲಿ ಕಡಿಮೆ. ಹಾಗಾಗಿ ‘ಈ ಗಿಡದ ಎಲೆಯಲ್ಲಿ ಇಷ್ಟು ಆಂಟಿಆಕ್ಸಿಡೆಂಟ್ ಇದೆ’ ಅಂತ ಯಾರಾದರೂ ಒಂದೇ ಅಂಕಿ ಹೇಳಿದರೆ, ಯಾವ ಕೊಂಬೆಯ ಎಲೆ ಅಂತ ಕೇಳಬೇಕಾಗುತ್ತದೆ.

ಈಗ ನಿಮ್ಮ ಕೆಂಪು ಎಲೆಗೆ ಬರೋಣ. ಗುಲಾಬಿಯ ಹೊಸ ಚಿಗುರು ನೋಡಿ, ಎಷ್ಟೋ ತಳಿಗಳಲ್ಲಿ ಕೆಂಪಗಿರುತ್ತದೆ. ಬಲಿತ ಮೇಲೆ ಹಸಿರಾಗುತ್ತದೆ. ಆ ಕೆಂಪು ಆಂಥೋಸಯನಿನ್. ಚಿಗುರಿನಲ್ಲಿ ಸಕ್ಕರೆ ಮಾಡುವ ಯಂತ್ರ ಇನ್ನೂ ಪೂರ್ತಿ ಜೋಡಣೆಯಾಗಿರುವುದಿಲ್ಲ, ಬಿಸಿಲು ಮಾತ್ರ ಪೂರ್ತಿ ಬೀಳುತ್ತದೆ. ಆಗ ಕೆಂಪು ಬಣ್ಣ ಒಂದಿಷ್ಟು ಬೆಳಕನ್ನು ಮೊದಲೇ ತಡೆದು ಹೊರೆ ತಗ್ಗಿಸುತ್ತದೆ ಅನ್ನುವುದು ಬಹುಪಾಲು ಸಸ್ಯತಜ್ಞರು ಒಪ್ಪುವ ವಿವರಣೆ. ಅಂದರೆ ಅದು ಬೆಂಕಿ ಆರಿಸುವುದಕ್ಕಿಂತ ಜಾಸ್ತಿ ಬೆಂಕಿ ಹತ್ತದ ಹಾಗೆ ನೋಡಿಕೊಳ್ಳುವ ಕೆಲಸ. ಅಕಾಲಿಫಾ, ಕ್ರೋಟನ್‌ಗಳಲ್ಲಿ ಎಲೆ ಬಲಿತ ಮೇಲೂ ಕೆಂಪು ಉಳಿಯುತ್ತದೆ. ಚೆನ್ನಾಗಿ ಕಾಣುತ್ತದೆ ಅಂತ ಮನುಷ್ಯರು ಅಂಥ ಗಿಡಗಳನ್ನೇ ಆರಿಸಿ ಬೆಳೆಸಿದ್ದಾರೆ.

ಹಾಗಂತ ಕೆಂಪು ಎಲೆಯಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ ಅಂತ ಕಣ್ಣು ಮುಚ್ಚಿ ಹೇಳಲು ಆಗುವುದಿಲ್ಲ. ಆಂಥೋಸಯನಿನ್ ನಮ್ಮ ಕಣ್ಣಿಗೆ ಕಾಣುತ್ತದೆ ಅಷ್ಟೇ. ಹಸಿರು ಎಲೆಯಲ್ಲಿ ಬಣ್ಣವೇ ಇಲ್ಲದ ಕ್ಲೋರೋಜೆನಿಕ್ ಆಮ್ಲ, ಮಬ್ಬು ಹಳದಿಯ ಕ್ವೆರ್ಸೆಟಿನ್ ಬಗೆಯವು ಸಾಕಷ್ಟು ಇರಬಹುದು. ಅವು ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತವೆ. ಅಕಾಲಿಫಾ ಎಲೆಯಲ್ಲೂ ಬರೀ ಕೆಂಪು ಬಣ್ಣ ಅಲ್ಲ, ಗ್ಯಾಲಿಕ್ ಆಮ್ಲ, ಜೆರಾನಿನ್, ಕೊರಿಲಾಜಿನ್ ಅನ್ನುವ ಒಗರು ಪದಾರ್ಥಗಳೂ ಸಿಕ್ಕಿವೆ. ಬೂಗನ್‌ವಿಲ್ಲಾದ ಬಣ್ಣ ಇನ್ನೂ ಬೇರೆ. ಅದು ಆಂಥೋಸಯನಿನ್ ಅಲ್ಲವೇ ಅಲ್ಲ, ಬೀಟಾಲೇನ್. ಬೀಟ್‌ರೂಟ್‌ನ ಬಣ್ಣದ ಕುಲದ್ದು. ಈ ಎರಡೂ ಬಣ್ಣ ಒಂದೇ ಗಿಡದಲ್ಲಿ ಸಹಜವಾಗಿ ಒಟ್ಟಿಗೆ ಸಿಕ್ಕಿದ್ದಿಲ್ಲ. ನೋಡಲು ಕೆಂಪು ಒಂದೇ, ಒಳಗಿನ ರಸಾಯನ ಪೂರ್ತಿ ಬೇರೆ.

ಇನ್ನು ‘ಸಂಶೋಧನೆಯಲ್ಲೇ ಗೊತ್ತಾಗಿದೆ’ ಅನ್ನುವ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಎಲೆಗಳ ಬಗ್ಗೆ ಬರುವ ಇಂಥ ವರದಿಗಳಲ್ಲಿ ಬಹುಪಾಲಿನಲ್ಲಿ ಡಿಪಿಪಿಎಚ್ ಅನ್ನುವ ಒಂದು ಪರೀಕ್ಷೆ ಇರುತ್ತದೆ. ಡಿಪಿಪಿಎಚ್ ಒಂದು ನೇರಳೆ ಪುಡಿ. ಅದರ ಅಣುವಿನಲ್ಲಿ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇದೆ. ಯಾವುದಾದರೂ ಆಂಟಿಆಕ್ಸಿಡೆಂಟ್ ಅದಕ್ಕೊಂದು ಜೊತೆ ಕೊಟ್ಟರೆ ನೇರಳೆ ಹೋಗಿ ತಿಳಿ ಹಳದಿಯಾಗುತ್ತದೆ. 1958ರಲ್ಲಿ ಬ್ಲೋಯಿಸ್ ಅನ್ನುವವರು ಆಂಟಿಆಕ್ಸಿಡೆಂಟ್ ಅಳೆಯಲು ಇದನ್ನು ಬಳಸಬಹುದು ಅಂತ ತೋರಿಸಿದರು. ಅಂದಿನಿಂದ ಇಂದಿನವರೆಗೂ ಇದು ನಡೆದುಬಂದಿದೆ, ಯಾಕೆಂದರೆ ಅಗ್ಗ, ಸುಲಭ, ಬೇಗ ಮುಗಿಯುತ್ತದೆ. ಎಲೆಯ ಪುಡಿಯನ್ನು ಮೆಥನಾಲ್‌ನಲ್ಲಿ ನೆನೆಸಿ ಸೋಸುತ್ತೇವೆ. ಆ ಸಾರವನ್ನು ನೇರಳೆ ದ್ರಾವಣಕ್ಕೆ ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಇಡುತ್ತೇವೆ. ಆಮೇಲೆ 517 ನ್ಯಾನೋಮೀಟರ್ ಬೆಳಕು ಹಾಯಿಸಿ ನೇರಳೆ ಎಷ್ಟು ಉಳಿದಿದೆ ಅಂತ ಓದುತ್ತೇವೆ. ಅಷ್ಟೇ.

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮೇಷ್ಟ್ರು ಒಂದು ದಿನ ಐದು ಪ್ರನಾಳ ಕೊಟ್ಟರು. ಹೆಸರಿಲ್ಲ, ಬರೀ ನಂಬರು. ಯಾವ ಎಲೆ ಅತ್ಯುತ್ತಮ ಅಂತ ಹೇಳು ಅಂದರು. ಮೂರನೇ ನಂಬರಿನದು ಹಾಕಿದ್ದೇ ತಡ, ನೇರಳೆ ಮಸುಕಾಗಿ, ಕಂದಾಗಿ, ನೋಡ್ತಾ ನೋಡ್ತಾ ಹುಲ್ಲಿನ ಬಣ್ಣಕ್ಕೆ ಬಂತು. ಇದೇ ಒಳ್ಳೆಯದು ಸಾರ್ ಅಂದೆ. ‘ಕುಡೀತೀಯಾ?’ ಅಂತ ಕೇಳಿದರು. ಅದು ಕಣಗಿಲೆ.

ಕಣಗಿಲೆ ಎಲೆಯಲ್ಲಿ ರುಟಿನ್, ಕ್ಲೋರೋಜೆನಿಕ್ ಆಮ್ಲ ಇವೆ. ಅವೇ ನೇರಳೆ ಅಳಿಸಿದ್ದು. ಓಲಿಯಾಂಡ್ರಿನ್ ಇದೆಯಾ ಇಲ್ಲವಾ ಅಂತ ಆ ಪ್ರನಾಳ ಕೇಳುವುದೇ ಇಲ್ಲ. ಲಂಟಾನದ್ದೂ ಹೀಗೇ. ಅದರಲ್ಲಿ ವರ್ಬಾಸ್ಕೊಸೈಡ್ ಅನ್ನುವ ಒಳ್ಳೆಯ ಆಂಟಿಆಕ್ಸಿಡೆಂಟ್ ಇದೆ. ಅದೇ ಎಲೆಯಲ್ಲಿ ಲಾಂಟಡೀನ್ ಕೂಡ ಇದೆ. ಅದನ್ನು ಮೇಯ್ದ ದನಗಳ ಲಿವರ್ ಕೆಡುತ್ತದೆ. ಲಿವರ್ ಕೆಟ್ಟ ಮೇಲೆ ಹಸಿರು ಮೇವಿನಿಂದ ಬರುವ ಒಂದು ಪದಾರ್ಥ ಹೊರಗೆ ಹೋಗದೆ ರಕ್ತದಲ್ಲಿ ಉಳಿದು, ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತಾಗುತ್ತದೆ. ರೋಡೋಡೆಂಡ್ರಾನ್ ಎಲೆಯಲ್ಲೂ ಫ್ಲೇವನಾಯ್ಡ್‌ಗೆ ಕೊರತೆ ಇಲ್ಲ, ಜೊತೆಗೆ ಗ್ರಯಾನೊಟಾಕ್ಸಿನ್ ಅನ್ನುವ ವಿಷಕ್ಕೂ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಪ್ರಯೋಗಾಲಯದಲ್ಲಿ ಬಳಸುವುದು ಮೆಥನಾಲ್. ಅದು ಕುಡಿದರೆ ಕಣ್ಣು ಹೋಗುವಂಥ ವಸ್ತು. ನೀವು ಮಾಡುವ ಕಷಾಯ ನೀರಿನದು. ಮೆಥನಾಲ್‌ನಲ್ಲಿ ಕರಗುವುದೆಲ್ಲ ನೀರಿನಲ್ಲಿ ಕರಗುವುದಿಲ್ಲ, ನೀರಿನಲ್ಲಿ ಇಳಿಯುವುದೆಲ್ಲ ಅಲ್ಲಿ ಬರುವುದಿಲ್ಲ. ಒಣಗಿಸುವಾಗ, ಕುದಿಸುವಾಗ ವಿಟಮಿನ್ ಸಿ ಬಹುಪಾಲು ಹೋಗಿಬಿಡುತ್ತದೆ. ಹಾಗಾಗಿ ವರದಿಯ ಅಂಕಿಗೂ ನಿಮ್ಮ ಲೋಟಕ್ಕೂ ಸಂಬಂಧ ಬಹಳ ತೆಳು.

ಸರಿ, ವಿಷವಿಲ್ಲದ ಎಲೆ ಅಂತಲೇ ಇಟ್ಟುಕೊಳ್ಳೋಣ. ಕುಡಿದರೆ ಏನಾಗುತ್ತದೆ? ಎಲೆಯ ಫೀನಾಲ್‌ಗಳಲ್ಲಿ (ಫ್ಲೇವನಾಯ್ಡ್, ಕ್ಲೋರೋಜೆನಿಕ್ ಆಮ್ಲ ಎಲ್ಲ ಈ ಗುಂಪಿನವೇ) ಹೆಚ್ಚಿನವು ಕರುಳಿನಿಂದ ರಕ್ತಕ್ಕೆ ಸ್ವಲ್ಪವೇ ದಾಟುತ್ತವೆ. ದಾಟಿದ್ದನ್ನೂ ಕರುಳು, ಲಿವರ್ ಎರಡೂ ಪರಕೀಯ ವಸ್ತು ಅಂತಲೇ ನೋಡುತ್ತವೆ. ಅದಕ್ಕೊಂದು ಬಾಲ ಅಂಟಿಸಿ ಮೂತ್ರದ ದಾರಿ ತೋರಿಸುತ್ತವೆ. ಕೆಲವೇ ಗಂಟೆಗಳ ಕೆಲಸ. ರಕ್ತದಲ್ಲಿ ಅವು ಸಿಗುವ ಪ್ರಮಾಣ ಪ್ರನಾಳದಲ್ಲಿ ನಾವು ಹಾಕುವ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಅಮೆರಿಕದ ಕೃಷಿ ಇಲಾಖೆ ಒಂದು ಕಾಲದಲ್ಲಿ ಆಹಾರಗಳಿಗೆ ಓರ್ಯಾಕ್ ಅನ್ನುವ ಆಂಟಿಆಕ್ಸಿಡೆಂಟ್ ಅಂಕ ಕೊಟ್ಟು ದೊಡ್ಡ ಪಟ್ಟಿ ಹಾಕಿತ್ತು. 2012ರಲ್ಲಿ ತಾನೇ ಅದನ್ನು ತೆಗೆದುಹಾಕಿತು. ಪ್ರನಾಳದ ಅಂಕಕ್ಕೂ ದೇಹದಲ್ಲಿ ಆಗುವುದಕ್ಕೂ ತಾಳೆಯಾಗುವುದಿಲ್ಲ, ಮಾರುವವರು ಮಾತ್ರ ಅಂಕ ಹಿಡಿದು ಜಾಹೀರಾತು ಮಾಡುತ್ತಿದ್ದಾರೆ ಅನ್ನುವುದು ಕಾರಣ.

ಉಪಯೋಗ ಆಗದಿದ್ದರೆ ಹೋಗಲಿ, ಕೆಡುಕಂತೂ ಇಲ್ಲವಲ್ಲ ಅಂತ ಕೇಳುವವರಿದ್ದಾರೆ. ಫಿನ್ಲೆಂಡ್‌ನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. ಮೇಲೆ ಹೇಳಿದ ಕ್ಯಾರೊಟಿನಾಯ್ಡ್‌ಗಳಲ್ಲಿ ಅದೂ ಒಂದು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿ ಅನ್ನುವುದು ಆಸೆ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಆ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ವಿಟಮಿನ್ ಎ ಜೊತೆ ಕೊಟ್ಟಿದ್ದರು. ಅಲ್ಲಿ ಶೇ. 28ರಷ್ಟು ಜಾಸ್ತಿ ಕಂಡು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಎಲೆಯಲ್ಲಿ ಬೆಳಕಿನ ಹೊಡೆತ ತಡೆಯುವ ಅದೇ ಅಣು! ಎಲೆಯಲ್ಲಿ ಅದಕ್ಕೆ ಇಂಥದ್ದೇ ಜಾಗ, ಇಂಥದ್ದೇ ಜೊತೆ ಅಂತ ಇದೆ. ಗುಳಿಗೆಯಾಗಿ ನುಂಗಿದ ಮೇಲೆ ಅದ್ಯಾವುದೂ ಇಲ್ಲ.

ಜಾಗದ ಮಾತು ಬಂತಲ್ಲ, ಬೇಲಿಗೆ ಹಾಕುವ ಪ್ರಿವೆಟ್ ಗಿಡದ ವಿಷಯ ಹೇಳದೆ ಇರಲಾರೆ. ಅದರ ಎಲೆಯಲ್ಲಿ ಓಲಿಯೂರೋಪಿನ್ ಅನ್ನುವ ಕಹಿ ಪದಾರ್ಥ ಇದೆ. ಆಲಿವ್ ಎಲೆಯಲ್ಲೂ ಇರುವುದು ಇದೇ, ಆಂಟಿಆಕ್ಸಿಡೆಂಟ್ ಅಂತ ಡಬ್ಬಿಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಪ್ರಿವೆಟ್ ಇದನ್ನು ಒಂದು ಕಡೆ, ಇದನ್ನು ಒಡೆಯುವ ಕಿಣ್ವವನ್ನು ಇನ್ನೊಂದು ಕಡೆ ಬೇರೆ ಬೇರೆ ಇಟ್ಟಿರುತ್ತದೆ. ಹುಳು ಬಂದು ಎಲೆ ಅಗಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಓಲಿಯೂರೋಪಿನ್ ಒಂದು ಅಂಟುಗಾರನಾಗಿ ಬದಲಾಗಿ ಎಲೆಯ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಹುಳುವಿಗೆ ಬೇಕೇ ಬೇಕಾದ ಲೈಸಿನ್ ಅನ್ನುವ ಅಂಶ ಸಿಗದ ಹಾಗಾಗುತ್ತದೆ. ಹೊಟ್ಟೆ ತುಂಬಾ ತಿಂದರೂ ಮೈಗೆ ಹತ್ತುವುದಿಲ್ಲ. ಪ್ರಿವೆಟ್ ತಿಂದೇ ಬದುಕುವ ಒಂದು ಪತಂಗದ ಹುಳು ಮಾತ್ರ ಇದಕ್ಕೆ ಮದ್ದು ಕಂಡುಕೊಂಡಿದೆ. ಅದರ ಜೀರ್ಣರಸದಲ್ಲಿ ಲೈಸಿನ್ ಕುಲದ್ದೇ ಇನ್ನೊಂದು ಅಂಶ, ಗ್ಲೈಸಿನ್, ತುಂಬಿಕೊಂಡಿರುತ್ತದೆ. ಅಂಟೆಲ್ಲ ಗ್ಲೈಸಿನ್‌ಗೇ ಅಂಟಿಕೊಂಡು ಲೈಸಿನ್ ಉಳಿಯುತ್ತದೆ. ಡಿಪಿಪಿಎಚ್ ಪ್ರನಾಳದಲ್ಲಿ ಒಳ್ಳೆಯದು ಅನ್ನಿಸಿಕೊಳ್ಳುವ ಅಣುವನ್ನು ಗಿಡ ಇಟ್ಟುಕೊಂಡಿರುವುದು ಇಂಥ ಕೆಲಸಕ್ಕೆ.

ಹಾಗಾದರೆ ಅಲಂಕಾರದ ಗಿಡದ ಎಲೆಯಿಂದ ಏನೂ ಪ್ರಯೋಜನವಿಲ್ಲವಾ? ಇದೆ, ಕಷಾಯದ ದಾರಿಯಲ್ಲಿ ಅಲ್ಲ ಅಷ್ಟೇ. ರೋಸ್‌ಮೇರಿ ನೋಡಿ. ಕುಂಡದಲ್ಲಿ, ಬೇಲಿಯಲ್ಲಿ ಚೆಂದಕ್ಕೆ ಬೆಳೆಸುವ ಪೊದೆ. ಅದರ ಎಲೆಯಲ್ಲಿ ಕಾರ್ನೊಸಿಕ್ ಆಮ್ಲ ಇದೆ. ನೀರಿಲ್ಲದೆ ಗಿಡ ಒಣಗುತ್ತಾ ಬಿಸಿಲಿಗೆ ನಿಂತಾಗ ಈ ಆಮ್ಲ ತಾನು ಆಕ್ಸಿಡೀಕರಣಗೊಂಡು ಕರಗುತ್ತಾ ಹೋಗುತ್ತದೆ, ಎಲೆಯ ಪೊರೆ ಉಳಿಯುತ್ತದೆ. ಎಣ್ಣೆಯಲ್ಲಿ ಹಾಕಿದರೂ ಅದು ಮಾಡುವುದು ಅದನ್ನೇ, ಎಣ್ಣೆ ಬೇಗ ಕಮಟು ವಾಸನೆಗೆ ಬರದ ಹಾಗೆ ತಡೆಯುತ್ತದೆ. ಐರೋಪ್ಯ ಒಕ್ಕೂಟ 2010ರಲ್ಲಿ ರೋಸ್‌ಮೇರಿ ಸಾರಕ್ಕೆ ಇ-392 ಅಂತ ನಂಬರು ಕೊಟ್ಟು ಆಹಾರದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಅಲ್ಲಿ ಆಂಟಿಆಕ್ಸಿಡೆಂಟ್ ಕಾಯುವುದು ಎಣ್ಣೆಯನ್ನು, ತಿನ್ನುವವರನ್ನಲ್ಲ. ಇಷ್ಟು ಪ್ರಾಮಾಣಿಕವಾದ ಬಳಕೆ ನನಗೆ ಬೇರೆ ಕಂಡಿಲ್ಲ.

ಔಷಧದ ಕಡೆ ನೋಡಿದರೆ ನಿಜವಾಗಿ ದೊಡ್ಡ ಹೆಸರು ಮಾಡಿದ ಎಲೆಯ ಪದಾರ್ಥಗಳು ಆಂಟಿಆಕ್ಸಿಡೆಂಟ್‌ಗಳೇ ಅಲ್ಲ, ವಿಷಗಳು. ನಿತ್ಯಪುಷ್ಪ, ಅದೇ ಕಾಶಿಕಣಗಿಲೆ ಅಂತೀವಲ್ಲ, ಅದರ ಎಲೆಯಿಂದ ಕೆನಡಾದಲ್ಲಿ 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಕೋಶ ಎರಡಾಗುವುದನ್ನೇ ಅದು ನಿಲ್ಲಿಸುತ್ತದೆ, ಅದಕ್ಕೇ ಕ್ಯಾನ್ಸರ್ ಮದ್ದು. ಆದರೆ ಒಂದು ಗ್ರಾಂ ಬೇಕಾದರೆ ನೂರಾರು ಕಿಲೋ ಒಣ ಎಲೆ ಬೇಕು. ಯೂ ಅನ್ನುವ ಬೇಲಿ ಗಿಡವನ್ನು ಕತ್ತರಿಸಿದಾಗ ಬೀಳುವ ಎಲೆಯಿಂದ ಡೋಸಿಟಾಕ್ಸೆಲ್ ಅನ್ನುವ ಕ್ಯಾನ್ಸರ್ ಔಷಧಕ್ಕೆ ಬೇಕಾದ ಮೂಲವಸ್ತು ಸಿಗುತ್ತದೆ. ಅದೇ ಕತ್ತರಿಸಿದ ಎಲೆಯನ್ನು ದನದ ಮುಂದೆ ಎಸೆದರೆ ದನ ಸಾಯುತ್ತದೆ. ಇವನ್ನೆಲ್ಲ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಮುಷ್ಟಿ ಎಲೆ ಹಾಕಿ ಕುದಿಸುವ ವಿಷಯವೇ ಅಲ್ಲ.

ನಿಮ್ಮ ಪಟ್ಟಿಯಲ್ಲಿ ಉಳಿದವು. ಕ್ರೋಟನ್ ಬೇಡ, ಅದರ ರಸ ತಾಗಿದರೆ ಕೆಲವರಿಗೆ ಚರ್ಮ ಉರಿಯುತ್ತದೆ, ತುರಿಕೆ ಗಾಯವಾಗುತ್ತದೆ. ದಾಸವಾಳ ವಿಷದ ಗಿಡವಲ್ಲ. ಆದರೆ ಗಿಡ ಎಲ್ಲಿಂದ ಬಂತು ಅನ್ನುವುದು ಮುಖ್ಯ. ನರ್ಸರಿಯಲ್ಲಿ ಅಲಂಕಾರದ ಗಿಡ ಅಂತ ಬೆಳೆಸಿದ್ದಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಹಾಕಿರಬಹುದು. ಅದು ಬೇರಿನಿಂದ ಏರಿ ಎಲೆಯೊಳಗೇ ಇರುತ್ತದೆ, ತೊಳೆದರೆ ಹೋಗುವಂಥದ್ದಲ್ಲ. ಗಿಡ ಕುಳ್ಳಗೆ ದಟ್ಟವಾಗಿ ಇರಲಿ ಅಂತ ಪ್ಯಾಕ್ಲೋಬ್ಯೂಟ್ರಜಾಲ್ ಕೊಡುವುದೂ ಇದೆ. ತಿನ್ನುವ ಬೆಳೆಗಾದರೆ ಔಷಧಿ ಹೊಡೆದು ಇಷ್ಟು ದಿನ ಬಿಟ್ಟು ಕೊಯ್ಯಿರಿ ಅಂತ ನಿಯಮ ಇರುತ್ತದೆ. ನೋಡುವ ಗಿಡಕ್ಕೆ ಅಂಥ ಲೆಕ್ಕ ಇಡುವವರು ಯಾರು? ಹೊಸದಾಗಿ ತಂದ ಗಿಡದ ಎಲೆಯನ್ನಂತೂ ಬಾಯಿಗೆ ಹಾಕಬೇಡಿ. ಅಕಾಲಿಫಾ ಕುಡಿಯಿರಿ ಅಂತಲೂ ನಾನು ಹೇಳಲಾರೆ. ಅದರ ಒಗರು ಬೇರೆ ಸಸ್ಯಾಹಾರದಿಂದ ಬರುವ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತದ ಹಾಗೆ ಮಾಡುತ್ತದೆ.

ಆದರೆ ಅಕಾಲಿಫಾದಿಂದ ಒಂದು ಆಟ ಆಡಬಹುದು. ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿ. ಚೆನ್ನಾಗಿ ಕೆಂಪಗಿರುವ ನಾಲ್ಕು ಎಲೆ ಹರಿದು ಹಾಕಿ. ಹತ್ತು ನಿಮಿಷ ಬಿಟ್ಟು ಎತ್ತಿ ನೋಡಿದರೆ ಎಲೆ ಹಸಿರು, ನೀರು ಕೆಂಪು. ಪತ್ರಹರಿತ್ತು ನೀರಿನಲ್ಲಿ ಕರಗುವುದಿಲ್ಲ, ಆಂಥೋಸಯನಿನ್ ಕರಗುತ್ತದೆ. ಕೆಂಪು ಎಲೆ ಒಳಗೊಳಗೆ ಹಸಿರೇ ಆಗಿತ್ತು! ಆ ನೀರನ್ನು ಮೂರು ಗಾಜಿನ ಲೋಟಕ್ಕೆ ಹಂಚಿ. ಒಂದಕ್ಕೆ ನಿಂಬೆರಸ ಹಿಂಡಿ, ಕೆಂಪು ಗಾಢವಾಗುತ್ತದೆ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ, ಕೆಂಪು ಹೋಗಿ ಹಸಿರು ಮಿಶ್ರಿತ ಬಣ್ಣ ಬರುತ್ತದೆ. ಮೂರನೆಯದಕ್ಕೆ ತುಕ್ಕು ಹಿಡಿದ ಒಂದು ಮೊಳೆ ಹಾಕಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೊಳೆಯ ಸುತ್ತ ನೀರು ಕಪ್ಪಗಾಗಿರುತ್ತದೆ. ಒಗರು ಪದಾರ್ಥ ಕಬ್ಬಿಣವನ್ನು ಹಿಡಿದುಕೊಂಡ ಗುರುತು ಅದು. ನೂರಾರು ವರ್ಷ ಜನ ಇದೇ ರಸಾಯನದಿಂದ ಶಾಯಿ ಮಾಡಿದ್ದಾರೆ. ಗುಲಾಬಿ ಎಲೆಯಲ್ಲೂ ಇದನ್ನು ಮಾಡಿ ನೋಡಬಹುದು. ಎಷ್ಟು ಕಪ್ಪಾಯಿತು ಅಂತ ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಿ. ಮುಗಿದ ಮೇಲೆ ನೀರು ಚೆಲ್ಲಿ, ಕೈ ತೊಳೆದುಕೊಳ್ಳಿ. ಬಟ್ಟೆಗೆ ಬಿದ್ದರೆ ಆ ಕಲೆ ಹೋಗುವುದಿಲ್ಲ, ನನ್ನ ಎರಡು ಅಂಗಿಗಳೇ ಸಾಕ್ಷಿ.